ಟೈಮಿಗೆ ಮುಂಚೆ ಬಂದ ವಿಮಾನ

ಬಸ್ಸು ತಡವಾಗಿ ಬಂದರೆ ಪ್ರಯಾಣಿಕರು ಬೈಯುತ್ತಾರೆ, ಟೈಮಿಗೆ ಮುಂಚೆ ಬಂದರೆ ಡಿಪೋ ಮ್ಯಾನೇಜರ್ ಬೈಯುತ್ತಾನೆ. ಪ್ರಯಾಣಿಕರ ಬೈಗುಳವನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಬಹುದು. ಮ್ಯಾನೇಜರನದು ಮೆಮೊ ಆಗಿ ಕೈಗೇ ಬರುತ್ತದೆ. ತಡವಾಗುವುದಕ್ಕೆ ಟ್ರಾಫಿಕ್ಕು, ಮಳೆ, ರೈಲ್ವೆ ಗೇಟು ಎಂದು ನೂರೆಂಟು ನೆಪಗಳಿವೆ. ಮುಂಚೆ ಬರುವುದಕ್ಕೆ ಒಂದು ನೆಪವೂ ಇಲ್ಲ. ಒಂದೋ ಅಡ್ಡಾದಿಡ್ಡಿ ಓಡಿಸಿದ್ದಾನೆ, ಇಲ್ಲವೇ ಸ್ಟಾಪಿನಲ್ಲಿ ಕೈ ತೋರಿಸಿದವರನ್ನು ಬಿಟ್ಟು ಬಂದಿದ್ದಾನೆ. ಆದ್ದರಿಂದ ಕಸುಬು ಬಲ್ಲ ಡ್ರೈವರು ಬೇಗ ತಲುಪಿದರೂ ನಿಲ್ದಾಣದೊಳಕ್ಕೆ ನುಗ್ಗುವುದಿಲ್ಲ. ಹೊರಗಿನ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಒಂದು ಟೀ ಕುಡಿದು, ಸರಿಯಾದ ನಿಮಿಷಕ್ಕೆ ಮದುಮಗನ ಗತ್ತಿನಲ್ಲಿ ಒಳಗೆ ಬರುತ್ತಾನೆ.

ಈ ವಿದ್ಯೆಯಲ್ಲಿ ನಮ್ಮ ಟೈಮಪ್ಪನನ್ನು ಮೀರಿಸುವವರು ಆ ಡಿಪೋದಲ್ಲಿ ಯಾರೂ ಇರಲಿಲ್ಲ. ಟೈಮಪ್ಪ ಎಂಬುದು ತಂದೆ ತಾಯಿ ಇಟ್ಟ ಹೆಸರಲ್ಲ, ಡಿಪೋದವರು ಇಟ್ಟದ್ದು. ದೂರದ ಊರಿನ ಬಸ್ಸು ಓಡಿಸಲು ಶುರು ಮಾಡಿ ಹತ್ತೊಂಬತ್ತು ವರ್ಷವಾಗಿತ್ತು. ಒಂದು ದಿನವೂ ಟೈಮಿಗೆ ಮುಂಚೆ ಬಸ್ಸು ತಂದವನಲ್ಲ. ಕೀಲಿ ತಿರುಗಿಸುವ ಮುಂಚೆ ಫೋನ್ ಆಫ್ ಮಾಡುವುದು ಅವನ ಇನ್ನೊಂದು ನೇಮ. ಬಸ್ಸಿನಲ್ಲಿ ಐವತ್ತು ಜೀವ ಕೂತಿರುವಾಗ ನನಗೆಂಥ ಫೋನು ಎನ್ನುತ್ತಿದ್ದ. ಒಳ್ಳೆಯ ಮಾತೇ. ಆದರೆ ಡಿಪೋದ ಪಾಲಿಗೆ ಗಡಿಯಾರವಾಗಿದ್ದವನು ಮನೆಯ ಪಾಲಿಗೆ ಕ್ಯಾಲೆಂಡರ್ ಆಗಿದ್ದ. ಇಂಥ ತಾರೀಖಿಗೆ ಬರುತ್ತಾನೆ ಎನ್ನಬಹುದಿತ್ತು, ಇಂಥ ಹೊತ್ತಿಗೆ ಎನ್ನುವಂತಿರಲಿಲ್ಲ. ಡ್ಯೂಟಿ ಮುಗಿಸಿ ಬರ್ತೀನಿ ಎಂದು ಹೇಳಿ ಇನ್ನೊಬ್ಬನ ಡ್ಯೂಟಿಯನ್ನೂ ಮೈಮೇಲೆ ಹಾಕಿಕೊಳ್ಳುವ ಜಾತಿ. ಹೆಂಡತಿ ಎಂಟು ವರ್ಷ ಕಾದಳು. ಆಮೇಲೆ ಕಾಯುವುದು ಸಾಕಾಗಿ, ದೂರದ ಇನ್ನೊಂದು ದೇಶದ ಊರಿನಲ್ಲಿ ಆಸ್ಪತ್ರೆಯ ಲ್ಯಾಬಿನ ಕೆಲಸ ಸಿಕ್ಕಾಗ ಮಗಳನ್ನು ಕರೆದುಕೊಂಡು ಹೊರಟುಬಿಟ್ಟಳು.

ಅದಾಗಿ ಎರಡು ವರ್ಷ. ಮಗಳಿಗೀಗ ಎಂಟು ತುಂಬಿತ್ತು. ಎರಡು ವರ್ಷವೂ ಅವಳು ಅವನಿಗೆ ಫೋನಿನ ಗಾಜಿನೊಳಗೆ ಮಾತ್ರ ಬೆಳೆದಿದ್ದಳು. ಮಗುವನ್ನು ಒಂದು ಸಲ ಕಳಿಸು ಎಂದು ಅವನು ಗೋಗರೆದ, ಹೆಂಡತಿ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಅತ್ತೆ, ಅಂದರೆ ಹೆಂಡತಿಯ ತಾಯಿ, ಅಳಿಯನ ಪರ ವಹಿಸಿ ಮಗಳಿಗೆ ನಾಲ್ಕು ಮಾತು ಹೇಳಿದ ಮೇಲೆ ಒಪ್ಪಿದಳು.

"ಹತ್ತು ದಿನ ಕಳಿಸ್ತೀನಿ," ಎಂದಿದ್ದಳು. "ಎಲ್ಲಾ ಸರಿಹೋದ್ರೆ ಇನ್ನು ಪ್ರತಿ ರಜೆಗೂ ಬರ್ಲಿ, ನಾನು ಬೇಡ ಅನ್ನಲ್ಲ. ಆದ್ರೆ ಈ ಸಲ ಅವಳನ್ನ ಕಾಯಿಸಿದ್ರೋ, ಆಮೇಲೆ ನೀವು ಕೇಳೋದೂ ಬೇಡ, ನಾನು ಕಳಿಸೋದೂ ಬೇಡ."

ಕಾಯಿಸುವ ಮಾತೇ ಇಲ್ಲ ಎಂದು ಟೈಮಪ್ಪ ಆಣೆ ಇಟ್ಟ. ಅಂದಿನಿಂದ ಅವನಿಗೆ ಆ ದೂರದ್ದೇ ಧ್ಯಾನ. ಎರಡೂರಿನ ನಡುವೆ ನಾಲ್ಕು ಸಾವಿರ ಕಿಲೋಮೀಟರ್ ಚಿಲ್ಲರೆ. ತನ್ನ ಬಸ್ಸಿನಲ್ಲಿ ಹೋದರೆ, ನಡುವೆ ಇರುವ ಸಮುದ್ರ ದಾರಿ ಬಿಟ್ಟುಕೊಟ್ಟರೆ, ವಾರ ಹಿಡಿಯುತ್ತದೆ ಎಂದು ಲೆಕ್ಕ ಹಾಕಿದ. ಹೆಂಡತಿ ಮಗಳು ಹೋದ ದಿನ, ವಿಮಾನದಲ್ಲಿ ಆರೂವರೆ ಗಂಟೆ ಕೂತು ಸೊಂಟ ಹಿಡಿದುಕೊಂಡಿತು ಎಂದು ಅವಳು ಹೇಳಿದ್ದು ಅವನ ತಲೆಯಲ್ಲಿ ಅಚ್ಚೊತ್ತಿತ್ತು. ಈಗ ಅವಳು ಕಳಿಸಿದ ಟಿಕೆಟ್ಟಿನಲ್ಲಿ ನೋಡಿದರೆ ಪ್ರಯಾಣ ಐದೂವರೆ ಗಂಟೆ ಎಂದು ಬರೆದಿದೆ. ಅದೇ ದಾರಿ, ಅಷ್ಟೇ ದೂರ. ಹೋಗುವಾಗ ಆರೂವರೆ ತೆಗೆದುಕೊಂಡದ್ದು ಬರುವಾಗ ಐದೂವರೆ ಹೇಗಾಗುತ್ತದೆ? ಡಿಪೋದಲ್ಲಿ ರಾಕೆಟ್ ಎಂದು ಹೆಸರಾದ ಇನ್ನೊಬ್ಬ ಡ್ರೈವರನ್ನು ಕೇಳಿದ.

"ಬರ್ತಾ ಇಳಿಜಾರು ಇರ್ಬೇಕು ಬಿಡಿ ಅಣ್ಣಾ," ಎಂದು ರಾಕೆಟ್ ಹಲ್ಲು ಬಿಟ್ಟ.

ಟೈಮಪ್ಪ ನಗಲಿಲ್ಲ. ಇದು ಪ್ರಯಾಣಿಕರನ್ನು ಸೆಳೆಯಲು ಬರೆದ ಟೈಮು, ವಿಮಾನದವರೂ ನಮ್ಮ ಖಾಸಗಿ ಬಸ್ಸಿನವರ ಹಾಗೇ ಎಂದು ತೀರ್ಮಾನಿಸಿದ. ನಾಲ್ಕು ಗಂಟೆಗೆ ಬರುತ್ತದೆ ಎಂದರೆ ನಾಲ್ಕಕ್ಕೆ ಮುಂಚೆ ಬರುವ ಪ್ರಶ್ನೆಯೇ ಇಲ್ಲ, ಐದಾದರೂ ಆಶ್ಚರ್ಯವಿಲ್ಲ. ಒಂಟಿಯಾಗಿ ಬರುವ ಮಗುವನ್ನು ಕರೆದೊಯ್ಯುವವರು ಒಂದು ಗಂಟೆ ಮುಂಚಿತವಾಗಿ ಕೌಂಟರಿನಲ್ಲಿ ಹಾಜರಿರಬೇಕು ಎಂದು ಟಿಕೆಟ್ಟಿನ ಕೆಳಗಿತ್ತು. ಅದನ್ನೂ ಓದಿದ. ಅರ್ಧ ಗಂಟೆ ಮುಂಚೆ ಬನ್ನಿ ಎಂದು ಬಸ್ ನಿಲ್ದಾಣದಲ್ಲೂ ಬೋರ್ಡು ಹಾಕಿರುತ್ತಾರೆ, ಅದು ತೂಕಡಿಸುವ ಜನರನ್ನು ಎಬ್ಬಿಸುವುದಕ್ಕೆ ಎಂಬುದು ಒಳಗಿನವನಾದ ಅವನಿಗೆ ಗೊತ್ತಿಲ್ಲವೇ? ಒಳಗಿನವರಿಗೆ ಎಲ್ಲ ಗೊತ್ತಿರುತ್ತದೆ, ಬೇಕಾದದ್ದೊಂದು ಬಿಟ್ಟು.

ಆ ದಿನ ಅವನು ಮನೆ ಗುಡಿಸಿ, ಒರೆಸಿ, ಮಗಳ ಮಂಚಕ್ಕೆ ಹೊಸ ಹೊದಿಕೆ ಹಾಸಿದ. ಬಚ್ಚಲಿನಲ್ಲಿ ತನ್ನ ಬ್ರಷ್ಷಿನ ಪಕ್ಕ ಒಂದು ಪುಟ್ಟ ಬ್ರಷ್ಷು ಇಟ್ಟ. ಅದನ್ನು ಎರಡು ಸಲ ತೆಗೆದು ಮತ್ತೆ ಇಟ್ಟ. ಪಕ್ಕದ ಮನೆಯವರ ಕಾರು ಕೇಳಿ ತಂದಿದ್ದ. ಹತ್ತಿ ಕೂತು, ಕೀಲಿಗೆ ಕೈ ಹಾಕುವ ಮುಂಚೆ ಅಭ್ಯಾಸದಂತೆ ಫೋನ್ ಆಫ್ ಮಾಡಿದ. ಎಷ್ಟು ಆತುರದಲ್ಲಿ ಹೊರಟಿದ್ದನೆಂದರೆ ಮೂರು ಗಂಟೆಗೆ ಮುಂಚೆಯೇ ವಿಮಾನ ನಿಲ್ದಾಣದ ಹತ್ತಿರವಿದ್ದ.

ಕೇಳಿ, ಇದನ್ನು ಸರಿಯಾಗಿ ಕೇಳಿ. ಇನ್ನು ಐದು ನಿಮಿಷ ಓಡಿಸಿದ್ದರೆ ಒಳಗಿರುತ್ತಿದ್ದ. ಆದರೆ ಟೈಮು ಇನ್ನೂ ಆಗಿರಲಿಲ್ಲವಲ್ಲ! ನಿಲ್ದಾಣದ ಬೇಲಿಯ ಹೊರಗಿನ ತಿರುವಿನಲ್ಲಿ ಟ್ಯಾಕ್ಸಿಯವರು ಸಾಲಾಗಿ ನಿಂತಿದ್ದರು, ಒಂದು ಟೀ ಅಂಗಡಿ ಇತ್ತು. ಟೈಮಪ್ಪನ ಕೈ ತಾನಾಗಿ ಸ್ಟೀರಿಂಗ್ ತಿರುಗಿಸಿತು. ಕಾರು ನಿಲ್ಲಿಸಿ, ಬೆಂಚಿನ ಮೇಲೆ ಕೂತು, ಟ್ಯಾಕ್ಸಿಯವರ ಜೊತೆ ಹಾಳು ರಸ್ತೆ, ಹೊಗೆ ಪರೀಕ್ಷೆ ಎಂದು ಹರಟೆಗೆ ಇಳಿದ. ಮಗಳು ಬರುತ್ತಿದ್ದಾಳೆ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದ. ತಲೆಯ ಮೇಲೆ ವಿಮಾನಗಳು ಒಂದೊಂದಾಗಿ ಇಳಿಯುತ್ತಿದ್ದವು. ಕೆಂಪು ಬಾಲದ ಒಂದು ವಿಮಾನ ಗ್ಲಾಸಿನ ಟೀ ನಡುಗುವಷ್ಟು ಕೆಳಗೆ ಬಂದಾಗ ಒಬ್ಬ ಟ್ಯಾಕ್ಸಿಯವನು ಕತ್ತು ಎತ್ತಿ, "ನಿಮ್ಮ ಹುಡುಗಿ ಇದ್ರಲ್ಲಿ ಇರ್ಬಹುದಾ?" ಎಂದು ಕೇಳಿದ.

"ಇಲ್ಲಪ್ಪ, ಇದು ಯಾರದೋ," ಎಂದ ಟೈಮಪ್ಪ. "ನಮ್ಮದಕ್ಕೆ ಇನ್ನೂ ತುಂಬಾ ಹೊತ್ತಿದೆ."

ನಾಲ್ಕಾಗುತ್ತಿದ್ದಂತೆ ಎದ್ದ. ಕಾರು ಒಳಗೆ ನಿಲ್ಲಿಸಿ, ಕನ್ನಡಿಯಲ್ಲಿ ತಲೆ ಬಾಚಿಕೊಂಡು, ಆ ದೊಡ್ಡ ಕಟ್ಟಡದಲ್ಲಿ ಇಬ್ಬರನ್ನು ಕೇಳಿ ಕೌಂಟರು ಹುಡುಕುವ ಹೊತ್ತಿಗೆ ನಾಲ್ಕೂಕಾಲು. ಹೇಗೂ ವಿಮಾನ ತಡ ಎಂಬ ಧೈರ್ಯ. ಕೌಂಟರಿನಲ್ಲಿ ಕುತ್ತಿಗೆಗೆ ನೀಲಿ ಸ್ಕಾರ್ಫ್ ಕಟ್ಟಿದ ಹೆಣ್ಣುಮಗಳಿದ್ದಳು. ಮಗಳು ಒಬ್ಬಳೇ ಬರುತ್ತಿದ್ದಾಳೆ, ಕರೆದುಕೊಂಡು ಹೋಗಲು ಬಂದಿದ್ದೇನೆ ಎಂದು ಗುರುತಿನ ಚೀಟಿ ಮುಂದಿಟ್ಟ. ಅವಳು ಚೀಟಿ ನೋಡಿದಳು, ಅವನ ಮುಖ ನೋಡಿದಳು.

"ಸರ್, ಇಷ್ಟು ಹೊತ್ತು ಎಲ್ಲಿದ್ರಿ ನೀವು? ನಿಮ್ಮ ಫೋನಿಗೆ ಮಾಡಿ ಮಾಡಿ ಸಾಕಾಯ್ತು, ಸ್ವಿಚ್ ಆಫ್ ಬರ್ತಿದೆ."

"ಯಾಕಮ್ಮ, ವಿಮಾನ ಬಂದಿಲ್ಲ ತಾನೆ?"

"ಬಂದು ಒಂದು ಗಂಟೆ ಮೇಲಾಯ್ತು ಸರ್."

"ಅದು ಹೇಗೆ? ನಾಲ್ಕಕ್ಕಲ್ವಾ ಟೈಮು?"

"ಆ ಕಡೆಯಿಂದ ಈ ಕಡೆ ಬರೋವಾಗ ಗಾಳಿ ಹಿಂದಿನಿಂದ ತಳ್ಳುತ್ತೆ ಸರ್, ಬೇಗ ಬರುತ್ತೆ. ಹೋಗೋವಾಗ ಎದುರು ಗಾಳಿ, ತಡ ಆಗುತ್ತೆ. ಇವತ್ತು ಗಾಳಿ ಜಾಸ್ತಿ ಇತ್ತು, ಮೂರು ಗಂಟೆ ಸುಮಾರಿಗೇ ಇಳೀತು."

ಟೈಮಪ್ಪನಿಗೆ ಮೊದಲು ಬಂದದ್ದು ಸಿಟ್ಟು. "ಗಾಳಿ ತಳ್ತು ಅಂತ ಟೈಮಿಗೆ ಮುಂಚೆ ಬಂದ್ಬಿಡೋದಾ? ಹೊರಗೇ ನಾಲ್ಕು ಸುತ್ತು ಹೊಡೀಬೇಕಿತ್ತು! ನಾನು ಹತ್ತೊಂಬತ್ತು ವರ್ಷದಲ್ಲಿ ಒಂದು ದಿನ..." ಎಂದವನು ಅಲ್ಲಿಗೇ ನಿಲ್ಲಿಸಿದ. ಮೂರರ ಹೊತ್ತಿಗೆ ತಲೆಯ ಮೇಲೆ ಇಳಿದಿದ್ದ ಕೆಂಪು ಬಾಲ ಕಣ್ಣ ಮುಂದೆ ಬಂತು. ತಾನು ಟೀ ಕುಡಿಯುತ್ತ ಯಾರದೋ ಎಂದದ್ದು ಅದನ್ನೇ.

"ನನ್ನ ಮಗಳೆಲ್ಲಿ?" ಎಂದ.

"ಮುಕ್ಕಾಲು ಗಂಟೆ ಇಲ್ಲೇ ಕೂತಿದ್ಲು ಸರ್, ಆ ಕುರ್ಚಿ ಮೇಲೆ. ಬಾಗಿಲು ತೆರೆದಾಗಲೆಲ್ಲ ಎದ್ದು ನೋಡ್ತಿದ್ಲು. ನೀವು ಬರಲಿಲ್ಲ, ಫೋನೂ ಇಲ್ಲ. ಮಗುವನ್ನ ರಾತ್ರಿ ನಾವು ಇಟ್ಕೊಳ್ಳೋ ಹಾಗಿಲ್ಲ. ಇನ್ನೊಂದು ವಿಮಾನ ಇರೋದು ನಾಡಿದ್ದು. ತಾಯಿಗೆ ಫೋನ್ ಮಾಡಿದ್ವಿ. ಅವರು ಅಳ್ತಿದ್ರು. ಬಂದ ವಿಮಾನದಲ್ಲೇ ವಾಪಸ್ ಕಳಿಸ್ಬಿಡಿ ಅಂದ್ರು. ಈಗಷ್ಟೇ ಹತ್ತಿಸಿದ್ವಿ."

ಅವನು ಒಳಗಿನ ಗಾಜಿನ ಬಾಗಿಲಿನತ್ತ ಓಡಿದ. ಕಾವಲಿನವನು ಎದೆಗೆ ಕೈ ಕೊಟ್ಟು ನಿಲ್ಲಿಸಿದ. ಒಳಗೆ ನನ್ನ ಮಗಳಿದ್ದಾಳೆ ಎಂದರೆ, ಒಳಗಿರುವವರೆಲ್ಲ ಯಾರದೋ ಮಕ್ಕಳೇ ಸ್ವಾಮಿ, ಪಾಸ್ ತೋರಿಸಿ ಎಂದ. ಅವನ ತಪ್ಪೇನೂ ಇರಲಿಲ್ಲ. ಟೈಮಪ್ಪ ಮತ್ತೆ ಕೌಂಟರಿಗೆ ಬಂದು ಎರಡೂ ಕೈ ಮುಗಿದ. ಜನ ತಿರುಗಿ ನೋಡುತ್ತಿದ್ದರು, ನೋಡಲಿ.

"ತಾಯಿ, ವಿಮಾನ ಇನ್ನೂ ಹೋಗಿಲ್ಲ ತಾನೆ? ಅವಳನ್ನ ಇಳಿಸ್ಕೊಡಿ. ನಿಮ್ಮ ಕಾಲಿಗೆ ಬೀಳ್ತೀನಿ. ಎರಡು ವರ್ಷ ಆಯ್ತಮ್ಮ ನಾನು ಅವಳನ್ನ ನೋಡಿ. ಇವತ್ತು ಅವಳು ಹಾಗೇ ಹೋದ್ರೆ ಇನ್ನು ಯಾವತ್ತೂ ಕಳಿಸಲ್ಲ."

ಸ್ಕಾರ್ಫಿನವಳಿಗೆ ಎದೆ ಕರಗಿರಬೇಕು. "ನಾಲ್ಕೂಮುಕ್ಕಾಲಿಗೆ ಹೊರಡುತ್ತೆ," ಎಂದು ಗಡಿಯಾರ ನೋಡಿದಳು. "ವಾಪಸ್ ಕಳಿಸಿ ಅಂದಿರೋದು ತಾಯಿ, ಇಳಿಸಿ ಅಂತಲೂ ಅವರೇ ಹೇಳ್ಬೇಕು. ಬಾಗಿಲು ಹಾಕೋದ್ರೊಳಗೆ ಹೇಳಿದ್ರೆ ನಾನು ಇಳಿಸ್ತೀನಿ. ನೀವು ಫೋನ್ ಆನ್ ಮಾಡಿ ಅವರಿಗೆ ಮಾಡಿ. ನಾನು ಅಷ್ಟರಲ್ಲಿ ಒಳಗೆ ಹೇಳಿರ್ತೀನಿ." ವಿಮಾನದ ಬಾಗಿಲಲ್ಲಿದ್ದ ಸಹೋದ್ಯೋಗಿಗೆ ಫೋನ್ ಮಾಡಿ ಏನೋ ಹೇಳಿದಳು. ಸ್ವಲ್ಪ ತಡೆದು ಫೋನನ್ನು ಅವನ ಕಡೆ ಚಾಚಿದಳು. "ಮಗು ಇದ್ದಾಳೆ, ಬೇಗ ಮಾತಾಡಿ."

"ಮರೀ..." ಎಂದ ಟೈಮಪ್ಪ.

"ಅಪ್ಪಾ, ನೀನು ನಿಜವಾಗ್ಲೂ ಬಂದಿದ್ದೀಯಾ? ಇಲ್ಲಾ ಫೋನಲ್ಲಿ ಇದ್ದೀಯಾ?"

"ಬಂದಿದ್ದೀನಿ ಪುಟ್ಟಾ, ಇಲ್ಲೇ ಇದ್ದೀನಿ. ನೀನು ಕೂತಿದ್ದ ಕುರ್ಚಿ ಹತ್ರಾನೇ ನಿಂತಿದ್ದೀನಿ."

"ಆಗ ಎಲ್ಲಿದ್ದೆ?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು, ಆದರೆ ಆ ದನಿಗೆ ಹೇಳಲಾಗಲಿಲ್ಲ. "ಹೊರಗೇ ಇದ್ದೆ. ಟೈಮ್ ಆಗ್ಲಿ ಅಂತ ಕಾಯ್ತಿದ್ದೆ. ನಿನ್ನ ವಿಮಾನ ಇಳಿದಿದ್ದೂ ನೋಡಿದೆ ಮರೀ. ನಿಂದು ಅಂತ ಗೊತ್ತಾಗ್ಲಿಲ್ಲ."

ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡ. ಅವಳು ದನಿ ತಗ್ಗಿಸಿ, ಪಕ್ಕದವರಿಗೆ ಕೇಳಿಸದ ಹಾಗೆ ಹೇಳಿದಳು:

"ಅಮ್ಮಂಗೆ ಹಾಗೆ ಹೇಳ್ಬೇಡ ಅಪ್ಪಾ. ಅವಳು ನಂಬಲ್ಲ. ಟೈರ್ ಪಂಕ್ಚರ್ ಆಯ್ತು ಅಂತ ಹೇಳು. ಮುಂದಿನ ಟೈರು. ನಾನೂ ಹಾಗೇ ಹೇಳ್ತೀನಿ."

ಫೋನ್ ಆ ಕಡೆಯವರು ತೆಗೆದುಕೊಂಡರು. ಟೈಮಪ್ಪ ಕೌಂಟರಿನ ಅಂಚು ಹಿಡಿದು ನಿಂತ. ಅಪ್ಪನ ಮಾನ ಉಳಿಸಲು ಎಂಟು ವರ್ಷದ ಮಗು ಸುಳ್ಳು ಹೇಳಿಕೊಡುತ್ತಿದೆ. ತಾನು ಅಪ್ಪನೆಂದು ಹೇಳಿಕೊಳ್ಳುವುದಕ್ಕೆ ಇನ್ನೇನು ಉಳಿಯಿತು ಎನ್ನಿಸಿತು. ಅಳುವುದಕ್ಕೂ ಪುರುಸೊತ್ತಿರಲಿಲ್ಲ. ತನ್ನ ಫೋನ್ ಆನ್ ಮಾಡಿ ಹೆಂಡತಿಯ ನಂಬರ್ ಒತ್ತಿದ. ಬೇರೆ ಕರೆಯಲ್ಲಿದ್ದಾರೆ ಎಂದಿತು. ಮತ್ತೆ ಒತ್ತಿದ, ಮತ್ತೆ ಅದೇ. ಅವನು ಕತ್ತರಿಸಿದ ಗಳಿಗೆಯಲ್ಲೇ ಫೋನ್ ಒಮ್ಮೆ ಕುಂಯ್ ಎಂದಿತು. ಎತ್ತುವಷ್ಟರಲ್ಲಿ ಅವನ ಬೆರಳು ಮತ್ತೆ ಅವಳ ನಂಬರನ್ನೇ ಒತ್ತಿಬಿಟ್ಟಿತ್ತು. ಬೇರೆ ಕರೆಯಲ್ಲಿದ್ದಾರೆ. ಇಂಥ ಹೊತ್ತಿನಲ್ಲಿ ಯಾರ ಜೊತೆ ಮಾತು ಇವಳದು, ಮಗಳು ಹೋಗುತ್ತಿದ್ದಾಳೆ ಎಂದು ಹಲ್ಲು ಕಡಿದ. ಕೌಂಟರಿನ ಫೋನಿನಿಂದ ಸ್ಕಾರ್ಫಿನವಳು ಪ್ರಯತ್ನಿಸಿದಳು, ಅವಳಿಗೂ ಸಿಗಲಿಲ್ಲ. ಗೋಡೆಯ ಗಡಿಯಾರದ ಮುಳ್ಳು ಅವನ ಕಣ್ಣೆದುರೇ ಜಾರುತ್ತಿತ್ತು. ಹತ್ತೊಂಬತ್ತು ವರ್ಷ ಸಾಕಿದ ಗಡಿಯಾರ ಈಗ ತಿರುಗಿ ಕಚ್ಚುತ್ತಿತ್ತು.

"ಸರ್, ನೀವು ಮಾಡ್ಬೇಡಿ, ಸುಮ್ನಿರಿ," ಎಂದು ಸ್ಕಾರ್ಫಿನವಳೇ ಕೂಗಿದಳು. "ಅವರೂ ನಿಮಗೇ ಮಾಡ್ತಿರ್ಬೇಕು!"

ಅವನು ಕೈ ತೆಗೆದ. ಮರುಗಳಿಗೆಯೇ ಫೋನ್ ಬಡಿದುಕೊಂಡಿತು.

"ಬದುಕಿದ್ದೀರಾ?" ಎಂದಳು ಹೆಂಡತಿ. ದನಿ ಒಡೆದಿತ್ತು. "ಆಕ್ಸಿಡೆಂಟ್ ಗೀಕ್ಸಿಡೆಂಟ್ ಆಗಿ ಎಲ್ಲಾದ್ರೂ ಬಿದ್ದಿದ್ದೀರೇನೋ ಅಂತ ನನ್ನ ಜೀವ ಹೋಗಿತ್ತು. ಏನಾಯ್ತು ಹೇಳಿ. ಪಂಕ್ಚರ್ ಅಂತ ಮಾತ್ರ ಹೇಳ್ಬೇಡಿ, ಅದನ್ನ ಕೇಳೀ ಕೇಳೀ ನನ್ನ ಕಿವಿ ತೂತಾಗಿದೆ."

ಟೈಮಪ್ಪ ಕಣ್ಣು ಮುಚ್ಚಿಕೊಂಡ. ಯಾರೂ ನಂಬದ ನಿಜವೊಂದೇ ಅವನ ಹತ್ತಿರ ಉಳಿದಿತ್ತು.

"ಬೇಗ ಬಂದ್ಬಿಟ್ಟೆ ಕಣೇ. ಮೂರಕ್ಕೆ ಮುಂಚೆನೇ ಬಂದಿದ್ದೆ. ಟೈಮ್ ಆಗಿರ್ಲಿಲ್ಲ. ಅದಕ್ಕೆ ಒಳಗೆ ಹೋಗ್ಲಿಲ್ಲ."

"ಒಳಗೆ ಹೋಗ್ಲಿಲ್ಲ ಅಂದ್ರೆ?"

"ಹೊರಗೆ ನಿಲ್ಲಿಸ್ಕೊಂಡಿದ್ದೆ."

ಮುಗಿಯಿತು ಎಂದುಕೊಂಡ. ಆಮೇಲೆ ಅವಳು ಬೇರೆಯೇ ದನಿಯಲ್ಲಿ ಕೇಳಿದಳು, "ತಿರುವಿನಲ್ಲಾ?"

"ಹೂಂ."

"ಡಿಪೋ ಹೊರಗೆ ನಿಲ್ಲಿಸ್ತಿದ್ರಲ್ಲ, ಹಾಗೆ?"

"ಹೂಂ. ಹಾಗೇ."

"ಅಯ್ಯೋ ನಿಮ್ಮ! ವಿಮಾನಕ್ಕೂ ಅದನ್ನೇ ಮಾಡಿದ್ರೇನ್ರೀ?" ಅವಳು ನಕ್ಕಳೋ ಅತ್ತಳೋ ಅವನಿಗೆ ತಿಳಿಯಲಿಲ್ಲ. ಮದುವೆಯಾದ ಹೊಸತರಲ್ಲಿ ಊಟದ ಡಬ್ಬಿ ಹಿಡಿದು ಡಿಪೋ ಹೊರಗಿನ ಆ ತಿರುವಿಗೆ ಬಂದು, ಟೈಮ್ ಆಗುವವರೆಗೆ ಖಾಲಿ ಬಸ್ಸಿನಲ್ಲಿ ಅವನ ಪಕ್ಕ ಕೂತಿರುತ್ತಿದ್ದವಳು ಅವಳು. ಭೂಮಿಯ ಮೇಲೆ ಈ ಮಾತನ್ನು ನಂಬುವ ಒಬ್ಬಳೇ ಒಬ್ಬಳಿದ್ದರೆ ಅದು ಇವಳೇ. "ಫೋನ್ ಅವರಿಗೆ ಕೊಡಿ," ಎಂದಳು. "ಇಳಿಸಿ ಅಂತ ಹೇಳ್ತೀನಿ. ಬೇಗ ಕೊಡ್ರೀ!"

ಅವನು ಕೊಟ್ಟ. ಸ್ಕಾರ್ಫಿನವಳು ಸರಿ ಮೇಡಂ, ಸರಿ ಮೇಡಂ ಎಂದು, ಇನ್ನೊಂದು ಕೈಯಲ್ಲಿ ಕೌಂಟರಿನ ಫೋನ್ ಎತ್ತಿ ಒಳಗೆ ಮಾತಾಡಿದಳು. ಮಗುವನ್ನ ಇಳಿಸಿ, ತಂದೆ ಬಂದಿದ್ದಾರೆ, ತಾಯಿ ಒಪ್ಪಿದ್ದಾರೆ. ಟೈಮಪ್ಪ ಅವಳ ತುಟಿಗಳನ್ನೇ ನೋಡುತ್ತಿದ್ದ. ಅವಳು ಮಾತು ನಿಲ್ಲಿಸಿ ಕೇಳಿಸಿಕೊಂಡಳು. ಒಂದು ನಿಮಿಷ, ಒಂದೇ ನಿಮಿಷ ಎಂದಳು. ಆಮೇಲೆ ನಿಧಾನವಾಗಿ ಫೋನ್ ಕೆಳಗಿಟ್ಟಳು.

"ಬಾಗಿಲು ಹಾಕ್ಬಿಟ್ಟಿದ್ದಾರೆ ಸರ್. ವಿಮಾನ ಹಿಂದಕ್ಕೆ ತಳ್ತಾ ಇದ್ದಾರಂತೆ. ಇನ್ನು ತೆಗೆಯಲ್ಲ."

ಬಾಗಿಲು ಹಾಕಿದ ಮೇಲೂ ಓಡಿ ಬಂದವರಿಗೆ ತೆಗೆಯಬೇಕಮ್ಮ, ನಾನು ಎಷ್ಟು ಸಲ ತೆಗೆದಿಲ್ಲ ಎಂದು ಕಿರುಚಬೇಕೆನ್ನಿಸಿತು. ಆದರೆ ಅವನು ಒಂದು ಸಲವೂ ತೆಗೆದಿರಲಿಲ್ಲ. ಬಸ್ಸಿನ ಪಕ್ಕ ಬಡಿಯುತ್ತ ಓಡಿ ಬಂದವರನ್ನು ಕನ್ನಡಿಯಲ್ಲಿ ನೋಡಿಯೂ ಗೇರ್ ಬದಲಿಸಿದವನು ಅವನು. ದೂರದ ಗಾಜಿನ ಗೋಡೆಯಾಚೆ ಆ ಕೆಂಪು ಬಾಲ ಮೆಲ್ಲಗೆ ತಿರುಗುತ್ತಿತ್ತು. ಅದರ ಯಾವುದೋ ಕಿಟಕಿಯ ಹತ್ತಿರ ಮಗಳಿದ್ದಳು. ಅವನು ಅಲ್ಲಿಂದಲೇ ಎರಡೂ ಕೈ ಎತ್ತಿ ಬೀಸಿದ. ಅಷ್ಟು ದೂರಕ್ಕೆ ಅವನು ಕಾಣುವಂತಿರಲಿಲ್ಲ, ಆದರೂ ಬಾಲ ಮರೆಯಾಗುವವರೆಗೆ ಬೀಸುತ್ತಲೇ ಇದ್ದ.

ಸ್ಕಾರ್ಫಿನವಳು ಅವನ ಫೋನನ್ನು ಕೈಗೆ ಇಟ್ಟಳು. ಹೆಂಡತಿ ಇನ್ನೂ ಅದರಲ್ಲಿದ್ದಳು.

"ಹೋಯ್ತಾ?"

"ಹೋಯ್ತು."

"ಅಳ್ಬೇಡಿ. ಮುಂದಿನ ರಜೆಗೆ ಕಳಿಸ್ತೀನಿ. ಆವಾಗ ಒಳಗೆ ಬಂದು ನಿಂತ್ಕೊಳ್ಳಿ, ಕೇಳಿಸ್ತಾ? ಒಳಗೆ. ನಾನೂ ಈಗಲೇ ಹೊರಡ್ತೀನಿ, ಅವಳು ಇಳಿಯೋ ಹೊತ್ತಿಗೆ ಅಲ್ಲಿರ್ಬೇಕು."

ಮುಂದಿನ ರಜೆ ಎಂಬ ಮಾತು ಅವನ ಕಿವಿಗೆ ಬಿತ್ತು, ಆದರೆ ಅದರ ಸಂತೋಷ ಇನ್ನೂ ಎಲ್ಲೋ ದಾರಿಯಲ್ಲಿತ್ತು. ಅವನು ಯೋಚಿಸುತ್ತಿದ್ದದ್ದು ಎದುರು ಗಾಳಿಯನ್ನು. ಈ ಸಲ ಆರೂವರೆ ಗಂಟೆ, ಹೆಚ್ಚೂ ಆದೀತು. ಅಷ್ಟು ಹೊತ್ತೂ ಆ ಮಗುವಿಗೆ ಅಮ್ಮ ನಂಬಿದಳೆಂಬುದು ಗೊತ್ತಿರುವುದಿಲ್ಲ, ಮತ್ತೆ ಬರಬಹುದೆಂಬುದು ಗೊತ್ತಿರುವುದಿಲ್ಲ. ಸೀಟಿನಲ್ಲಿ ಕೂತು ಅಪ್ಪನಿಗೋಸ್ಕರ ಸುಳ್ಳು ಹೇಳುವುದನ್ನೇ ಮನಸ್ಸಿನಲ್ಲಿ ಅಭ್ಯಾಸ ಮಾಡುತ್ತಿರುತ್ತಾಳೆ.

"ಇವಳೇ, ಒಂದು ಮಾತು," ಎಂದ. "ಅವಳು ಇಳಿದ ತಕ್ಷಣ ನಿನಗೆ ಹೇಳ್ತಾಳೆ, ಅಪ್ಪನ ಗಾಡಿ ಟೈರ್ ಪಂಕ್ಚರ್ ಆಯ್ತು ಅಂತ. ಬೈಬೇಡ ಅವಳನ್ನ. ನಂಬಿದ ಹಾಗೆ ಮಾಡು."

ಆ ಕಡೆ ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಯಾವ ಟೈರಂತೆ?" ಎಂದು ಕೇಳಿದಳು.

"ಮುಂದಿನದು," ಎಂದ ಟೈಮಪ್ಪ. ಆಮೇಲೆ ಮಗಳು ಎದ್ದೆದ್ದು ಬಾಗಿಲು ನೋಡಿದ್ದ ಆ ಕುರ್ಚಿಯ ಮೇಲೆ ಕುಸಿದು ಕೂತು ಅತ್ತುಬಿಟ್ಟ.